ಗುಮಾಸ್ತರ ಗಾಳಿಚೀಲ

ನೀರು ಸರಬರಾಜು ಕಚೇರಿಯ ಗುಮಾಸ್ತರು ಯಾವ ಮಾತನ್ನೂ ಮೊದಲಿನಿಂದ ಶುರು ಮಾಡಿದವರಲ್ಲ. ಅರ್ಧ ಮಾತನ್ನು ತಲೆಯೊಳಗೇ ಆಡಿ ಮುಗಿಸಿ, ಉಳಿದರ್ಧವನ್ನು ಮಾತ್ರ ಬಾಯಿಗೆ ಬಿಡುತ್ತಿದ್ದರು. ಊಟಕ್ಕೆ ಕೂತವರು ಇದ್ದಕ್ಕಿದ್ದಂತೆ "ಕೊನೆಗೂ ಕೊಡಲಿಲ್ಲ ನೋಡು" ಎನ್ನುವರು. ಯಾರು ಕೊಡಲಿಲ್ಲ, ಏನು ಕೊಡಲಿಲ್ಲ, ಯಾರಿಗೆ ಕೊಡಲಿಲ್ಲ ಎಂದು ಹೆಂಡತಿ ಪೊಲೀಸರ ಹಾಗೆ ವಿಚಾರಣೆ ನಡೆಸಿದ ಮೇಲೆ, ಕಚೇರಿಯ ಸ್ಟೋರಿನವನು ಹೊಸ ಫ್ಯಾನು ಕೊಡಲಿಲ್ಲ ಎಂಬುದು ಹೊರಬೀಳುತ್ತಿತ್ತು. ಉಳಿದಂತೆ ಅವರು ಸಾಧು ಮನುಷ್ಯ. ವಾಕ್ಯದಲ್ಲಿ ಕರ್ತೃಪದವನ್ನು ನುಂಗುವುದು ಬಿಟ್ಟರೆ ಇನ್ನೊಬ್ಬರದ್ದು ಏನನ್ನೂ ನುಂಗಿದವರಲ್ಲ.

ಅವರಿಗೊಂದು ಹಳೇ ಪಿಕಪ್ ಟ್ರಕ್ ಇತ್ತು. ಗುಮಾಸ್ತರಿಗೆ ಟ್ರಕ್ ಯಾಕೆ ಎಂದು ಯಾರೂ ಕೇಳಬಾರದು. ಕೆಲವರು ನಾಯಿ ಸಾಕುತ್ತಾರೆ, ಇವರು ಟ್ರಕ್ ಸಾಕಿಕೊಂಡಿದ್ದರು. ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ನಿಲ್ಲಿಸಿ, ರಜಾ ದಿನ ಒರೆಸಿ, ಬಾನೆಟ್ ಎತ್ತಿ ಒಳಗೆ ನೋಡಿ, ತೃಪ್ತಿಯಿಂದ ಮತ್ತೆ ಮುಚ್ಚುತ್ತಿದ್ದರು. ಅಲ್ಲಿಯವರೆಗೆ ಅದು ಹೊತ್ತಿದ್ದ ಅತಿ ದೊಡ್ಡ ಭಾರವೆಂದರೆ ಹೆಂಡತಿಯ ಚಿಕ್ಕಮ್ಮನ ಬೀರು. ಅದೂ ಖಾಲಿ.

ಹೀಗಿರುವಾಗ ಅವರ ಬೀದಿಯ ಮೂಲೆಯಲ್ಲಿದ್ದ ಬೇಕರಿ ಮುಚ್ಚಿತು. ಅದರ ಓವನನ್ನು ಗುಮಾಸ್ತರ ತಂಗಿ ಮತ್ತು ಅವಳ ಗಂಡ ಕೊಂಡುಕೊಂಡರು. ಊರಿನ ಇನ್ನೊಂದು ತುದಿಯಲ್ಲಿ, ದಿಬ್ಬದ ಮೇಲೆ, ಅವರು ತಮ್ಮದೇ ಬೇಕರಿ ತೆರೆಯುವವರಿದ್ದರು. ಓವನ್ ಎಂದರೆ ಅಡುಗೆಮನೆಯ ಮೂಲೆಯಲ್ಲಿಡುವ ಪೆಟ್ಟಿಗೆಯಲ್ಲ. ಬಾಗಿಲು ತೆರೆದರೆ ಒಬ್ಬ ಆಸಾಮಿ ಒಳಗೆ ನಿಂತು ತಲೆ ಬಾಚಿಕೊಳ್ಳಬಹುದಾದ ಕಬ್ಬಿಣದ ಕೋಣೆ. ಇದನ್ನು ಸಾಗಿಸುವುದು ಹೇಗೆ ಎಂದು ತಂಗಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಗುಮಾಸ್ತರು, "ನಾನಿದ್ದೀನಲ್ಲ" ಎಂದರು. ಆ ಒಂದು ವಾಕ್ಯದಲ್ಲಿ ಮಾತ್ರ ಕರ್ತೃಪದ ಎದ್ದು ಕಾಣುವಂತಿತ್ತು.

ತಂಗಿಯ ಗಂಡ ಅವರನ್ನೇ ನೋಡಿದ. ಅವನು ಬೇರೆಯವರ ಬೇಕರಿಗಳಲ್ಲಿ ಬೆಂದು ಹಣ್ಣಾದವನು. ಮಾತು ಕಡಿಮೆ, ಆಡಿದ್ದು ಬಿಸಿ. ಮದುವೆಯಾದಾಗಿನಿಂದ ಹೆಂಡತಿಯ ಅಣ್ಣನಿಗೆ ಅವನು ಒಂದು ಒಳ್ಳೆಯ ಮಾತು ಆಡಿದ್ದನ್ನು ಕೇಳಿದವರಿಲ್ಲ.

"ಯಾವುದರಲ್ಲಿ ಭಾವ? ಆ ಗಾಡೀಲಾ?"

ಪರೀಕ್ಷೆಯಾಗಿಯೇ ಬಿಡಲಿ ಎಂದು ಬಾಡಿಗೆ ಟ್ರೇಲರೊಂದನ್ನು ತಂದು, ಸಿಮೆಂಟು ಚೀಲ ಪೇರಿಸಿ, ಟ್ರಕ್ಕಿನ ಹಿಂದಿನ ಕೊಂಡಿಗೆ ಸಿಕ್ಕಿಸಿದರು. ಟ್ರಕ್ಕಿನ ಹಿಂಭಾಗ ಮೆಲ್ಲಗೆ, ಮರ್ಯಾದೆಯಿಂದ, ನೆಲದ ಕಡೆಗೆ ಕುಸಿಯಿತು. ಮೂತಿ ಆಕಾಶದ ಕಡೆಗೆ ಎದ್ದಿತು. ಮುಂದಿನ ಚಕ್ರಗಳು ರಸ್ತೆಯನ್ನು ಮುಟ್ಟಿವೆಯೋ ಇಲ್ಲವೋ ಎಂದು ಸ್ಟೀರಿಂಗಿಗೇ ಅನುಮಾನ ಬರುವಂತಾಯಿತು. ಸಂಜೆಯಾಗಿದ್ದರಿಂದ ಗುಮಾಸ್ತರು ದೀಪ ಹಾಕಿದರು. ಬೆಳಕು ರಸ್ತೆಯನ್ನು ಬಿಟ್ಟು ನೇರವಾಗಿ ಎದುರುಮನೆಯ ಮಹಡಿಗೆ ಹೊಡೆಯಿತು.

"ಯಾರ್ರೀ ಅದು, ನನ್ನ ಕೋಣೆಗೆ ಟಾರ್ಚ್ ಬಿಡ್ತಿರೋದು?" ಎಂದು ಎದುರುಮನೆಯ ಟೀಚರಮ್ಮ ಕಿಟಕಿಯಿಂದ ಕೂಗಿದರು.

ತಂಗಿಯ ಗಂಡ ಕೈ ಒದರಿಕೊಂಡ. "ಭಾವ, ಇದು ಎಳೆಯೋ ಗಾಡಿ ಅಲ್ಲ, ಕೂರೋ ಗಾಡಿ. ನಾನು ಬೇರೆ ಲಾರಿ ಹೇಳ್ತೀನಿ ಬಿಡಿ."

"ಶನಿವಾರದವರೆಗೆ ತಡಿ," ಎಂದರು ಗುಮಾಸ್ತರು. ಅವರ ಕಿವಿ ಕೆಂಪಾಗಿತ್ತು.

ಮರುದಿನವೇ ಅವರು ಟ್ರಕ್ಕನ್ನು ಗ್ಯಾರೇಜಿಗೆ ತೆಗೆದುಕೊಂಡು ಹೋದರು. ಅಲ್ಲಿನ ಮೆಕ್ಯಾನಿಕ್ಕಿಗೆ ಹಳೇ ಗಾಡಿಯಿದ್ದವರೆಲ್ಲ ಇಟ್ಟ ಹೆಸರು ಡಾಕ್ಟರು. ಉಳಿದವರಿಗೆ ಅವನೊಬ್ಬ ಇದ್ದಾನೆಂಬುದೂ ಗೊತ್ತಿರಲಿಲ್ಲ. ಡಾಕ್ಟರೂ ಆ ಬಿರುದಿಗೆ ತಕ್ಕ ಗತ್ತಿನವನೇ. ಕನ್ನಡಕವನ್ನು ಹಣೆಗೇರಿಸಿ, ಟ್ರಕ್ಕಿನ ಬೆನ್ನು ತಟ್ಟಿ, ತಲೆಯಾಡಿಸಿ, ಒಂದು ನಿಟ್ಟುಸಿರು ಬಿಟ್ಟು, ಆಮೇಲೆಯೇ ಮಾತು.

"ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಸೋತಿವೆ. ಆಕ್ಸಲ್ಲಿಗೂ ಚಾಸಿಗೂ ನಡುವೆ ಎರಡೂ ಕಡೆ ಒಂದೊಂದು ರಬ್ಬರಿನ ಗಾಳಿಚೀಲ ಕೂರಿಸೋಣ. ಆದ್ರೆ ಕೇಳಿಸ್ಕೊಳ್ಳಿ. ಗಾಳಿ ತುಂಬಿದ್ರೆ ನಡು ನೆಟ್ಟಗಿರುತ್ತೆ ಅಷ್ಟೇ, ಗಾಡಿಗೆ ಹೊಸ ಶಕ್ತಿ ಬರಲ್ಲ. ಖಾಲಿ ಇದ್ದಾಗ ಎಷ್ಟು ಎತ್ತರ ಇದೆ ಅಂತ ಮೊದಲು ಅಳೀಬೇಕು. ಭಾರ ಸಿಕ್ಕಿಸಿದ ಮೇಲೆ, ಆ ಎತ್ತರಕ್ಕೆ ಹತ್ತಿರ ಬರೋಷ್ಟು ಮಾತ್ರ ಗಾಳಿ. ಎಡಕ್ಕೂ ಬಲಕ್ಕೂ ಸಮ. ಜಾಸ್ತಿ ತುಂಬಿದ್ರೋ, ಹಿಂಭಾಗ ಎದ್ದು ಕುಣಿಯುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದರು ಗುಮಾಸ್ತರು. ಅವರಿಗೆ ಗೊತ್ತಾದದ್ದು "ಎದ್ದು" ಎಂಬುದೊಂದೇ.

ಗುರುವಾರ ಮಧ್ಯಾಹ್ನ ಚೀಲಗಳು ಕೂತವು. ಗುಮಾಸ್ತರು ಟ್ರಕ್ಕನ್ನು ಹಿಂದಿನ ಶೆಡ್ಡಿಗೆ ಸೇರಿಸಿ, ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಫೋನು ಹಚ್ಚಿದರು. ಹೆಂಡತಿ ಹೊಸ ಬೇಕರಿಗೆ ಬಣ್ಣ ಹೊಡೆಸಲು ನಾದಿನಿಯ ಜೊತೆ ಹೋಗಿ, ಶನಿವಾರದವರೆಗೆ ಅಲ್ಲೇ ಉಳಿಯುವವರಿದ್ದುದರಿಂದ ಮನೆಯಲ್ಲಿ ವಿಚಾರಣೆ ಮಾಡುವವರು ಯಾರೂ ಇರಲಿಲ್ಲ. ರಸ್ತೆಯಾಚೆ ಟೀಚರಮ್ಮ ಗಿಡಗಳಿಗೆ ನೀರು ಹಾಕುತ್ತಿದ್ದರು. ಫೋನಿನಲ್ಲಿ ದೂರದವರೊಡನೆ ಮಾತಾಡುವಾಗ ದೂರಕ್ಕೆ ಕೇಳುವಷ್ಟು ಗಟ್ಟಿಯಾಗಿ ಮಾತಾಡಬೇಕೆಂಬುದು ಗುಮಾಸ್ತರ ನಂಬಿಕೆ.

"ಡಾಕ್ಟ್ರೇ! ಮನೆಗೆ ಬಂದ್ಬಿಟ್ಟೆ. ಹೂಂ, ನಿಧಾನವಾಗೇ ಬಂದೆ. ಹಿಂದುಗಡೆ ಈಗ ಪರವಾಗಿಲ್ಲ, ಎರಡು ಚೀಲಾನೂ ಸರಿಯಾಗಿ ಕೂತಿದೆ... ಎಡಗಡೇದು ಸ್ವಲ್ಪ ಸೋರ್ತಿದೆಯೇನೋ... ಸೋಪಿನ ನೀರು ಹಚ್ಚಿ ನೋಡ್ಲಾ? ಗುಳ್ಳೆ ಬಂದ್ರೆ?... ಅಯ್ಯೋ, ಇನ್ನೊಂದ್ಸಲ ಬಿಚ್ಚಬೇಕಾಗುತ್ತಾ!... ಏನ್ ಮಾಡೋದು, ವಯಸ್ಸಾಯ್ತಲ್ಲ... ಸರಿ ಸರಿ, ಖಾಲಿ ಇದ್ದಾಗ ಸ್ವಲ್ಪ ಗಾಳಿ ಇರ್ಲೇಬೇಕು, ಕೆಲಸ ಮುಗಿದ ಮೇಲೆ ಮಿಕ್ಕಿದ್ದು ಬಿಟ್ಬಿಡಬೇಕು... ಇಲ್ಲ, ಮನೇಲಿ ಹೇಳಿಲ್ಲ. ಶನಿವಾರ ಎಲ್ಲಾ ಮುಗಿದ್ಮೇಲೆ ಅವಳಿಗೇ ಗೊತ್ತಾಗುತ್ತೆ!"

ಟೀಚರಮ್ಮನ ಕೈಯಲ್ಲಿದ್ದ ಪೈಪು ಗಿಡವನ್ನು ಬಿಟ್ಟು ಅವರ ಚಪ್ಪಲಿಯ ಮೇಲೆ ನೀರು ಸುರಿಸತೊಡಗಿತು. ಅವರು ಮೂರು ತಲೆಮಾರಿಗೆ ವ್ಯಾಕರಣ ಕಲಿಸಿ ನಿವೃತ್ತರಾದವರು. ವಾಕ್ಯದಲ್ಲಿ ಕರ್ತೃ ಇಲ್ಲದಿದ್ದರೆ ಮಾತಾಡುವವನೇ ಕರ್ತೃ ಎಂದು ಅವರ ಲೆಕ್ಕ. ಪೈಪನ್ನು ಅಲ್ಲೇ ಎಸೆದು ರಸ್ತೆ ದಾಟಿ ಬಂದರು.

"ಯಾವಾಗ ಆಯ್ತಪ್ಪಾ ಇದೆಲ್ಲಾ?"

ತಮ್ಮ ಟ್ರಕ್ಕಿನ ವಿಷಯವನ್ನು ಒಬ್ಬರು ಬಾಯಿಬಿಟ್ಟು ಕೇಳುವ ಗಳಿಗೆಗಾಗಿ ಗುಮಾಸ್ತರು ವರ್ಷಗಳಿಂದ ಕಾದಿದ್ದರು. ಮುಖ ಅರಳಿತು. "ಇವತ್ತೇ ಮಧ್ಯಾಹ್ನ ಹಾಕಿಸ್ಕೊಂಡು ಬಂದೆ ಟೀಚರಮ್ಮಾ!"

"ಇವತ್ತು ಹಾಕಿಸ್ಕೊಂಡು ಇವತ್ತೇ ಮೆಟ್ಟಿಲ ಮೇಲೆ ಕೂತಿದ್ದೀರಾ?"

"ಓಡಾಡ್ತಾ ಇದ್ರೇನೇ ಒಳ್ಳೇದಂತೆ. ಮೊದಲೆಲ್ಲ ಸ್ವಲ್ಪ ಭಾರ ಬಿತ್ತು ಅಂದ್ರೆ ಹಿಂದೆ ಪೂರ್ತಿ ಕುಸಿದು ಹೋಗ್ತಿತ್ತು. ಮುಂದೆ ಎತ್ಕೊಂಡ್ಬಿಡ್ತಿತ್ತು. ಮೊನ್ನೆ ನೀವೇ ನೋಡಿದ್ರಲ್ಲ!"

ಟೀಚರಮ್ಮ ಮೊನ್ನೆ ಏನು ನೋಡಿದೆ ಎಂದು ನೆನಪು ಮಾಡಿಕೊಳ್ಳಲು ಹೋಗಿ ಬೇಡವೆಂದು ಬಿಟ್ಟರು.

"ಈಗ ನೋಡಿ," ಎಂದು ಗುಮಾಸ್ತರು ಎರಡೂ ಅಂಗೈಗಳನ್ನು ಮೇಲಕ್ಕೆತ್ತಿ ತೋರಿಸಿದರು. "ಗಾಳಿ ತುಂಬಿದ ತಕ್ಷಣ ಹಿಂಭಾಗ ಹೀಗೆ ಏಳುತ್ತೆ. ತೋರಿಸ್ಲಾ? ಬನ್ನಿ ಹಿಂದುಗಡೆ!"

"ಬೇಡ! ಬೇಡಪ್ಪಾ!" ಟೀಚರಮ್ಮ ಕಣ್ಣು ಮುಚ್ಚಿಕೊಂಡರು. ಇಂಥ ಸ್ಥಿತಿಯಲ್ಲೂ ಈ ಮನುಷ್ಯನ ಮುಖದಲ್ಲಿ ಎಂಥ ನಗು! "ಶನಿವಾರ ಎಲ್ಲಾ ಮುಗಿಯುತ್ತೆ ಅಂದ್ರಾ?"

"ಶನಿವಾರ ಬೆಳಿಗ್ಗೆ. ಬೀದಿಯವರೆಲ್ಲ ಬಂದು ನಿಂತು ನೋಡ್ಬೇಕು ಅಂತ ನನ್ನಾಸೆ."

ಟೀಚರಮ್ಮ ಒದ್ದೆ ಚಪ್ಪಲಿಯಲ್ಲೇ ಹೊರಟರು. ಗಾಳಿಸುದ್ದಿ ಎಂಬ ಪದಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ಭಾಷೆಯಲ್ಲಿ ಇನ್ನೊಂದಿರಲಿಕ್ಕಿಲ್ಲ. ಅವರ ಬಾಯಿಂದ ಹೊರಟಾಗ ಸೊಂಟದಲ್ಲಿದ್ದ ಚೀಲಗಳು ಇಸ್ತ್ರಿ ಅಂಗಡಿ ತಲುಪುವಾಗ ಶ್ವಾಸಕೋಶಕ್ಕೆ ಏರಿದ್ದವು. ಔಷಧಿ ಅಂಗಡಿಯ ಹತ್ತಿರ ಬರುವಷ್ಟರಲ್ಲಿ ಗುಮಾಸ್ತರ ಮೈಯೊಳಗೆ ಸ್ವಂತದ್ದೆಂದು ಏನೂ ಉಳಿದಿರಲಿಲ್ಲ, ಎಲ್ಲಾ ರಬ್ಬರು. ಹೆಂಡತಿಗೆ ಮಾತ್ರ ತಿಳಿಯಬಾರದು, ಪಾಪ, ಅವರೇ ಮುಚ್ಚಿಟ್ಟಿದ್ದಾರೆ ಎಂದು ಪ್ರತಿಯೊಬ್ಬರೂ ಮತ್ತೊಬ್ಬರ ಕೈಯಲ್ಲಿ ಆಣೆ ಹಾಕಿಸಿದರು. ಸಂಜೆಯೊಳಗೆ ಗುಮಾಸ್ತರ ಮನೆಗೆ ಸೂಪು ಬಂತು, ದಿಂಬು ಬಂತು, ನಡುವೆ ತೂತಿರುವ ಒಂದು ರಬ್ಬರ್ ಕುಶನ್ನೂ ಬಂತು. ಟ್ರಕ್ಕಿನ ಸೀಟಿಗೆಂದೇ ಯಾರೋ ಕಳಿಸಿದ್ದಾರೆ ಎಂದು ಗುಮಾಸ್ತರ ಮನಸ್ಸು ತುಂಬಿ ಬಂತು. ಅವರು ಅದನ್ನು ಡ್ರೈವರ್ ಸೀಟಿಗೇ ಹಾಕಿದರು.

ಶುಕ್ರವಾರ ಕಚೇರಿಗೆ ಹೋದರೆ ಅವರ ಮೇಜು ಖಾಲಿ. ಫೈಲುಗಳನ್ನೆಲ್ಲ ಯಾರೋ ಹೊತ್ತೊಯ್ದಿದ್ದರು. ಸಾಹೇಬರು ಒಳಗೆ ಕರೆದರು. ಈ ಸಾಹೇಬರು ಟೀಚರಮ್ಮನ ಹಳೇ ವಿದ್ಯಾರ್ಥಿ. ಈಗಲೂ ಅವರ ಫೋನು ಬಂದರೆ ಎದ್ದು ನಿಂತೇ ಮಾತಾಡುತ್ತಿದ್ದರು. ಹಿಂದಿನ ಸಂಜೆ ತುಂಬಾ ಹೊತ್ತು ನಿಂತಿದ್ದರಿಂದ ಅವರ ಕಾಲೂ ನೋಯುತ್ತಿತ್ತು.

"ಕೂತ್ಕೊಳ್ಳಿ," ಎಂದವರು ಥಟ್ಟನೆ ನಾಲಿಗೆ ಕಚ್ಚಿಕೊಂಡರು. "ಕೂತ್ಕೋಬಹುದಾ? ಬೇಡ ಅಂದ್ರೆ ನಿಂತೇ ಇರಿ. ಅಥವಾ ಒರಗಿಕೊಳ್ಳಿ."

ಗುಮಾಸ್ತರು ಕೂತರು. ಸಾಹೇಬರು ಅವರ ಹಿಂದಕ್ಕೆ ಬಗ್ಗಿ ನೋಡಿ, ಏನೂ ಸದ್ದಾಗದ್ದರಿಂದ ನೆಮ್ಮದಿಯ ಉಸಿರು ಬಿಟ್ಟರು.

"ನೀವು ನಾಳೆ ರಜೆ ಕೇಳಿದ್ದೀರಿ. ನಾಳೆ ಒಂದೇ ದಿನ ಸಾಕಾ?"

"ಸಾಕು ಸರ್. ಓವನ್ ಎಳೆಯೋದಿದೆ. ಬೇಕರಿ ಓವನ್ನು. ದಿಬ್ಬದ ಮೇಲಕ್ಕೆ."

ಸಾಹೇಬರ ಕೈಯಲ್ಲಿದ್ದ ಪೆನ್ನು ಬಿತ್ತು. "ಈ ಸ್ಥಿತೀಲಿ?"

"ಅದಕ್ಕೋಸ್ಕರಾನೇ ಸರ್ ಚೀಲ ಹಾಕಿಸಿದ್ದು! ಹಿಂದೆ ಕೊಂಡಿ ಇದೆಯಲ್ಲ, ಅದಕ್ಕೆ ಸಿಕ್ಕಿಸೋದು, ಎಳೆಯೋದು."

"ಕೊಂಡೀನೂ ಇದೆಯಾ?" ಸಾಹೇಬರು ಮತ್ತೊಮ್ಮೆ ಅವರ ಹಿಂದಕ್ಕೆ ಬಗ್ಗಿ ನೋಡಿದರು. "ಡಾಕ್ಟರು ಒಪ್ಪಿದ್ದಾರಾ ಇದಕ್ಕೆ?"

"ಅವರೇ ಬರ್ತಾರೆ ಸರ್ ನಾಳೆ, ಪಕ್ಕದಲ್ಲೇ ಇರ್ತಾರೆ. ಏನಾದ್ರೂ ಸಡಿಲ ಆದ್ರೆ ಬಿಗಿ ಮಾಡೋಕೆ."

ಸಾಹೇಬರು ಎದ್ದು ಬಂದು ಗುಮಾಸ್ತರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಈ ಮನುಷ್ಯನಿಗೆ ಒಂದು ಹೊಸ ಫ್ಯಾನೂ ಕೊಡಿಸಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಗುಮಾಸ್ತರಿಗೋ, ಸಾಹೇಬರಿಗೆ ಗಾಡಿಗಳೆಂದರೆ ಇಷ್ಟು ಪ್ರೀತಿ ಎಂದು ಮೊದಲೇ ಗೊತ್ತಿದ್ದರೆ ಯಾವತ್ತೋ ಮನೆಗೆ ಕರೆಯಬಹುದಿತ್ತಲ್ಲ ಎನಿಸಿತು.

ಶನಿವಾರ ಬೆಳಿಗ್ಗೆ ಹಳೇ ಬೇಕರಿಯ ಮುಂದೆ ಓವನ್ನು ಟ್ರೇಲರ್ ಏರಿ ಕೂತಿತು. ಅದನ್ನು ಏರಿಸಿದ ಹಮಾಲರು ಬೆವರೊರೆಸಿಕೊಳ್ಳುತ್ತಾ ಪಕ್ಕದ ಬೀದಿಗೆ ಟೀ ಕುಡಿಯಲು ಹೋದರು. ಗುಮಾಸ್ತರು ಒಬ್ಬರೇ ಟ್ರಕ್ಕನ್ನು ತಂದು ಕೊಂಡಿ ಸಿಕ್ಕಿಸಿದರು. ಹಿಂಭಾಗ ಕುಸಿಯಿತು. ಸರಿ, ಗಾಳಿ ತುಂಬಿದರು. ಎದ್ದಿತು. ಇನ್ನಷ್ಟು ತುಂಬಿದರು. ಇನ್ನಷ್ಟು ಎದ್ದಿತು. ಅಳತೆ ಟೇಪು ಜೇಬಿನಲ್ಲೇ ಇತ್ತು, ಆದರೆ ತಂಗಿಯ ಗಂಡ ಬರುವ ಹೊತ್ತಿಗೆ ಹಿಂಭಾಗ ಎಷ್ಟು ಎತ್ತರವಿದ್ದರೂ ಕಡಿಮೆಯೇ ಎಂದು ಅವರಿಗೆ ತೋರಿತು. ಕೊನೆಗೆ ನೋಡಿದರೆ ಟ್ರಕ್ಕು ಬೆನ್ನೆತ್ತಿ, ಮೂತಿ ತಗ್ಗಿಸಿ, ರಸ್ತೆಯಲ್ಲಿ ಕಳೆದುಹೋದದ್ದೇನನ್ನೋ ಮೂಸುತ್ತಿರುವಂತೆ ನಿಂತಿತ್ತು.

ಜಾಸ್ತಿಯಾಯಿತು ಎಂದು ಅವರಿಗೂ ಅನ್ನಿಸಿತು. ಗಾಳಿ ಬಿಡುವ ವಾಲ್ವು ಚಾಸಿಯ ಒಳಮೂಲೆಯಲ್ಲಿತ್ತು. ಗುಮಾಸ್ತರು ಗೋಣಿಚೀಲ ಹಾಸಿ, ಬೆನ್ನ ಮೇಲೆ ಮಲಗಿ, ಟ್ರಕ್ಕಿನಡಿಗೆ ತೂರಿಕೊಂಡು ವಾಲ್ವು ಒತ್ತಿದರು. ಸುಸ್ಸ್ ಎಂದಿತು. ಗಾಳಿ ಇಳಿದರೆ ಗಾಡಿಯೂ ಇಳಿಯುತ್ತದೆ, ಗಾಡಿ ಇಳಿದರೆ ಅದರಡಿಯಲ್ಲಿರುವವರ ಹೊಟ್ಟೆ ಎಲ್ಲಿಗೂ ಹೋಗುವುದಿಲ್ಲ ಎಂಬ ಸಣ್ಣ ವಿಷಯ ಅವರಿಗೆ ಹೊಳೆದದ್ದು, ಚಾಸಿ ಬಂದು ಹೊಟ್ಟೆಯ ಮೇಲೆ ಮೆತ್ತಗೆ ಕೂತಾಗ. ಗಾಬರಿಯಿಂದ ವಾಲ್ವು ಬಿಟ್ಟರು. ಗಾಡಿ ಅಷ್ಟಕ್ಕೇ ನಿಂತಿತು. ನೋವೇನೂ ಇರಲಿಲ್ಲ, ಆದರೆ ಅಲುಗಾಡುವಂತೆಯೂ ಇರಲಿಲ್ಲ.

ಆಗಲೇ ಟೀಚರಮ್ಮನ ಮುಂದಾಳತ್ವದಲ್ಲಿ ಬೀದಿಯವರು ಗುಂಪಾಗಿ ಬಂದರು. ಓವನ್ ಎಳೆಯದಂತೆ ಗುಮಾಸ್ತರ ಕಾಲಿಗಾದರೂ ಬಿದ್ದು ತಡೆಯುವುದೆಂದು ತೀರ್ಮಾನವಾಗಿತ್ತು. ನೋಡಿದರೆ ಟ್ರಕ್ಕಿನಡಿಯಿಂದ ಚಾಚಿಕೊಂಡಿದ್ದದ್ದು ಕಾಲುಗಳು ಮಾತ್ರ.

"ಗಾಳಿ ಹೋಯ್ತು! ನಾನೇ ಕೇಳಿಸ್ಕೊಂಡೆ, ಸುಸ್ಸ್ ಅಂತು!" ಎಂದು ಟೀಚರಮ್ಮ ಚೀರಿದರು.

ಅಡಿಯಿಂದ ಕ್ಷೀಣವಾದ ದನಿ ಬಂತು: "ಗಾಳಿ... ಗಾಳಿ ಹಾಕ್ರೋ..."

"ದೂರ ಸರೀರಿ! ಗಾಳಿ ಆಡ್ಲಿ!" ಎಂದು ಇಸ್ತ್ರಿಯವನು ಜನರನ್ನು ತಳ್ಳಿದ. ಟೀಚರಮ್ಮ ಕೊಡೆ ಬಿಚ್ಚಿ ಗುಮಾಸ್ತರ ಪಾದಗಳಿಗೆ ಬೀಸತೊಡಗಿದರು. ಹಣ್ಣಿನ ಬುಟ್ಟಿ ಹಿಡಿದು ಬಂದಿದ್ದ ಸಾಹೇಬರು ಬುಟ್ಟಿ ಕೆಳಗಿಟ್ಟು, ಜೇಬಿನಿಂದ ಕರವಸ್ತ್ರ ತೆಗೆದು ತಾವೂ ಬೀಸಿದರು.

"ಅಯ್ಯೋ, ಅಲ್ಲಲ್ಲ! ಹಿಂದುಗಡೆ ಹಾಕ್ರೀ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದುಗಡೆ ಹೇಗೆ ಹಾಕುವುದೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

ಗುಂಪನ್ನು ಸೀಳಿಕೊಂಡು ಬಂದವನು ತಂಗಿಯ ಗಂಡ. ಅವನಿಗೆ ಟೀಚರಮ್ಮ ಬೆಳಗಿನ ಜಾವವೇ ಫೋನು ಮಾಡಿದ್ದರು. ಬೇಕರಿಯ ಬಿಳೀ ಕೋಟಿನಲ್ಲೇ ಓಡಿ ಬಂದಿದ್ದ. ಬಂದವನೇ ರಸ್ತೆಯಲ್ಲಿ ಮಂಡಿಯೂರಿ ಗುಮಾಸ್ತರ ಒಂದು ಕಾಲನ್ನು ತಬ್ಬಿಕೊಂಡ.

"ಭಾವಾ! ಓವನ್ ಹಾಳಾಗ್ಲಿ, ಬೇಕರಿ ಹಾಳಾಗ್ಲಿ! ಅವತ್ತು ನಾನು ಹಂಗೆ ಅನ್ಬಾರ್ದಿತ್ತು. ನನ್ನ ಬಾಯಿ ಸುಡ್ಲಿ! ಇನ್ನೆಷ್ಟು ದಿನ ಬೇರೆಯವರ ಹಿಟ್ಟು ನಾದ್ತೀಯ, ನಿನ್ನ ಕೈಯಲ್ಲಿ ಆಗುತ್ತೆ ಅಂದೋರು ನೀವೊಬ್ರೇ ಭಾವ. ನನ್ನ ಅಪ್ಪನೂ ಅನ್ಲಿಲ್ಲ. ನಾನು ಒಂದ್ಸಲಾನಾದ್ರೂ ಹೇಳಿದ್ನಾ ನಿಮಗೆ? ಹೇಳ್ಲಿಲ್ಲ. ನಿಮ್ಮಂಥ ಮನುಷ್ಯ ನನಗೆಲ್ಲಿ ಸಿಗ್ತಾರೆ ಭಾವಾ!"

ಬೀದಿಯೇ ಕಣ್ಣೊರೆಸಿಕೊಂಡಿತು. ಟ್ರಕ್ಕಿನಡಿಯಿಂದ ಗುಮಾಸ್ತರ ದನಿ, ಸ್ವಲ್ಪ ಒದ್ದೆಯಾಗಿ, ಹೊರಬಂತು.

"ಎಲ್ಲಾ ಕೇಳಿಸ್ತಪ್ಪಾ. ಆದ್ರೆ ಮೊದಲು ಗಾಳಿ ಹಾಕಿಸು."

"ಡಾಕ್ಟರನ್ನ ಕರೀರಿ ಯಾರಾದ್ರೂ!" ಎಂದು ಸಾಹೇಬರು ಕೂಗಿದರು.

"ಬಂದೆ, ಬಂದೆ," ಎಂದು ಡಾಕ್ಟರು ಗುಂಪಿನ ಹಿಂದಿನಿಂದ ಬಂದ. ಮೈತುಂಬ ಗ್ರೀಸು, ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಗಾಳಿ ಪಂಪು. ಜನ ದಾರಿ ಬಿಟ್ಟರು, ಆದರೆ ಅವರ ಮುಖದಲ್ಲಿ ಭಯವಿತ್ತು. ಆತ ಬಗ್ಗಿ ನೋಡಿದ. "ಇದೇನ್ರೀ, ನಿಮ್ಮನ್ನ ಯಾರು ಒಳಗೆ ಹೋಗಿ ಅಂದಿದ್ದು? ತುಂಬಿದ ಪೈಪಿನಿಂದಾನೇ, ಹೊರಗಿಂದಾನೇ ಗಾಳಿ ಬಿಡಬಹುದಿತ್ತಲ್ಲ!" ಎಂದವನು ಬಂಪರಿನ ಮರೆಯಲ್ಲಿದ್ದ ಪೈಪಿಗೆ ಪಂಪು ಸಿಕ್ಕಿಸಿ ಗಾಳಿ ಹೊಡೆದ. ಟ್ರಕ್ಕಿನ ಹಿಂಭಾಗ ಎಲ್ಲರ ಕಣ್ಣೆದುರಿಗೆ ಮೆಲ್ಲಗೆ ಎದ್ದಿತು. ತಂಗಿಯ ಗಂಡ ತಬ್ಬಿದ್ದ ಕಾಲನ್ನೇ ಹಿಡಿದು ಎಳೆದ. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಗುಮಾಸ್ತರು ಗೋಣಿಚೀಲದ ಸಮೇತ ಹೊರಜಾರಿದರು.

"ಡಾಕ್ಟರೇ, ಪೇಷೆಂಟಿಗೆ ಏನೂ ಅಪಾಯ ಇಲ್ವಾ?" ಸಾಹೇಬರು ಕೇಳಿದರು.

"ಇಲ್ಲ ಸಾರ್. ಎಡಗಡೆ ವಾಲ್ವು ಒಂಚೂರು ಸಡಿಲ, ಅಷ್ಟೇ. ಪಟ್ಟಿ ಸವೆದಿದ್ರೂ ಇನ್ನೂ ಗಟ್ಟಿ ಗಾಡಿ," ಎಂದು ಡಾಕ್ಟರು ಟ್ರಕ್ಕನ್ನು ತಟ್ಟಿದ.

ಟೀಚರಮ್ಮ ಕೊಡೆ ಮಡಚಿದರು. ಟ್ರಕ್ಕನ್ನು ನೋಡಿದರು. ಗುಮಾಸ್ತರನ್ನು ನೋಡಿದರು. ಮತ್ತೆ ಟ್ರಕ್ಕನ್ನು ನೋಡಿದರು.

"ಚೀಲ ಇರೋದು... ಇದರ ಹಿಂಭಾಗದಲ್ಲಾ?"

"ಮತ್ತೆ ಇನ್ಯಾರದ್ದು?" ಎಂದರು ಗುಮಾಸ್ತರು ನಿಜವಾದ ಆಶ್ಚರ್ಯದಿಂದ.

ಒಬ್ಬ ಮನುಷ್ಯ ಸಾಯುವುದಿಲ್ಲ ಎಂದು ತಿಳಿದಾಗ ಜನರಿಗೆ ಸಂತೋಷವಾಗಬೇಕು. ಆಯಿತು ಕೂಡ, ಆದರೆ ತಕ್ಷಣಕ್ಕಲ್ಲ. ಮೊದಲು ಬಂದದ್ದು ಸಿಟ್ಟು. "ಕರ್ತೃಪದ ಇಲ್ಲದೆ ಮಾತಾಡೋರನ್ನ ಬೆಂಚಿನ ಮೇಲೆ ನಿಲ್ಲಿಸ್ಬೇಕು! ಎರಡು ದಿನದಿಂದ ನನಗೆ ಗಂಟಲಲ್ಲಿ ಊಟ ಇಳಿದಿಲ್ಲ!" ಎಂದು ಟೀಚರಮ್ಮ ಕೊಡೆಯನ್ನು ನೆಲಕ್ಕೆ ಕುಟ್ಟಿದರು. ಇಸ್ತ್ರಿಯವನು ತನ್ನ ದಿಂಬು ವಾಪಸು ಕೇಳಿದ. ಸಾಹೇಬರು ಹಣ್ಣಿನ ಬುಟ್ಟಿಯನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದರು. ಅಷ್ಟರಲ್ಲಿ ಅವರಿಗೆ ನಗು ಬಂತು, ತಡೆಯಲಾಗದೆ ಓವನಿಗೆ ಒರಗಿಕೊಂಡು ನಕ್ಕರು. ಸಾಹೇಬರು ನಕ್ಕ ಮೇಲೆ ಉಳಿದವರಿಗೂ ಧೈರ್ಯ ಬಂತು. ಕೊನೆಗೆ ಟೀಚರಮ್ಮನೂ, ಕೋಪ ಬಿಡದೆಯೇ, ನಕ್ಕರು.

ಡಾಕ್ಟರು ಗುಮಾಸ್ತರ ಜೇಬಿನಿಂದ ಟೇಪು ಕಿತ್ತುಕೊಂಡು ಚಕ್ರದ ಮೇಲಿನ ಎತ್ತರ ಅಳೆದ. ಓವನನ್ನು ಟ್ರೇಲರಿನಲ್ಲಿ ತೀರಾ ಹಿಂದೆ ಕೂರಿಸಿದ್ದಾರೆಂದು ಬೈದು, ಟೀ ಕುಡಿದು ಬಂದ ಹಮಾಲರಿಂದ ಚೂರು ಮುಂದಕ್ಕೆ ತಳ್ಳಿಸಿದ. ಸಡಿಲ ವಾಲ್ವನ್ನು ಬಿಗಿದು ಎಡಕ್ಕಿಷ್ಟು, ಬಲಕ್ಕಷ್ಟೇ ಗಾಳಿ ಬಿಟ್ಟು ಹಾಕಿ ಮಾಡಿದ. ಟ್ರಕ್ಕು ಮೂಸುವುದನ್ನು ನಿಲ್ಲಿಸಿ, ನೆಟ್ಟಗೆ, ದೊಡ್ಡವರ ಹಾಗೆ ನಿಂತಿತು.

ಹೇಗೂ ಎಲ್ಲರೂ ಕೆಲಸ ಬಿಟ್ಟು ಬಂದಾಗಿತ್ತು. ಹಾಗಾಗಿ ಗುಮಾಸ್ತರ ಟ್ರಕ್ಕು ಓವನ್ ಎಳೆದುಕೊಂಡು ಹೊರಟಾಗ ಅದರ ಹಿಂದೆ ಸಾಹೇಬರ ಕಾರು, ಕಾರಿನಲ್ಲಿ ಟೀಚರಮ್ಮ ಮತ್ತು ಹಣ್ಣಿನ ಬುಟ್ಟಿ, ಅದರ ಹಿಂದೆ ಡಾಕ್ಟರ ಬೈಕು, ಇಸ್ತ್ರಿಯವನ ಸೈಕಲ್ಲು, ಹೀಗೆ ಒಂದು ಮೆರವಣಿಗೆಯೇ ಆಯಿತು. ದಿಬ್ಬದ ಬುಡದಲ್ಲಿ ಗುಮಾಸ್ತರು ಗೇರು ಇಳಿಸಿದರು. ಟ್ರಕ್ಕು ಒಮ್ಮೆ ಗೊಣಗಿತು, ಓವನ್ನು ಒಮ್ಮೆ ಗಡಗಡಿಸಿತು, ಆಮೇಲೆ ಎರಡೂ ಒಂದು ಒಪ್ಪಂದಕ್ಕೆ ಬಂದಂತೆ ಏರತೊಡಗಿದವು. ಸ್ಟೀರಿಂಗು ಹೇಳಿದ ಮಾತು ಕೇಳುತ್ತಿತ್ತು. ಹಿಂಭಾಗ ಕುಸಿಯಲಿಲ್ಲ, ಕುಣಿಯಲೂ ಇಲ್ಲ.

ಪಕ್ಕದ ಸೀಟಿನಲ್ಲಿ ತಂಗಿಯ ಗಂಡ ಕೂತಿದ್ದ. ಬೀದಿ ಬಿಟ್ಟಾಗಿನಿಂದ ಅವನು ಕಿಟಕಿಯಾಚೆಗೇ ನೋಡುತ್ತಿದ್ದ. ಕಿವಿ ಮಾತ್ರ ಓವನಿನೊಳಗಿಂದ ಈಗಷ್ಟೇ ತೆಗೆದಂತೆ ಕೆಂಪಗಿತ್ತು. ದಿಬ್ಬದ ತುದಿಯಲ್ಲಿ ಹೊಸ ಬೇಕರಿ ಕಾಣಿಸಿತು. ಬಾಗಿಲಲ್ಲಿ ತಂಗಿಯೂ ಗುಮಾಸ್ತರ ಹೆಂಡತಿಯೂ ಬಣ್ಣ ಮೆತ್ತಿದ ಕೈಗಳನ್ನು ಹಣೆಗೆ ಅಡ್ಡ ಹಿಡಿದು, ಈ ಮೆರವಣಿಗೆ ಯಾರದಪ್ಪಾ ಎಂದು ನೋಡುತ್ತಾ ನಿಂತಿದ್ದರು.

ತಂಗಿಯ ಗಂಡ ಗಂಟಲು ಸರಿಮಾಡಿಕೊಂಡ.

"ಆಗ ಅಲ್ಲಿ ರಸ್ತೇಲಿ ಏನೇನೋ ಅಂದ್ನಲ್ಲ, ಅದು... ತಪ್ಪು ತಿಳ್ಕೋಬೇಡಿ. ಅದು ಗಾಡಿಗೆ ಅಂದಿದ್ದು."

ಗುಮಾಸ್ತರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಗಾಡಿ ನಿನಗೆ ಯಾವತ್ತಿಂದ ಭಾವ ಆಯ್ತಯ್ಯಾ?"

ತಂಗಿಯ ಗಂಡ ಹಿಂದಕ್ಕೆ ತಿರುಗಿ, ಅಲುಗಾಡದೆ ಬರುತ್ತಿದ್ದ ತನ್ನ ಓವನನ್ನು ತುಂಬಾ ಹೊತ್ತು ನೋಡಿದ.

"ಇವತ್ತಿಂದ," ಎಂದ.